ಸಪತ್ನೀಕ ಸನ್ಮಾನ

ಎರಡು ಕುರ್ಚಿಗಳಲ್ಲಿ ಹೆಂಡತಿಯ ಕುರ್ಚಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ಪ್ರಶ್ನೆ ಆ ಮುಂಜಾನೆ ಬೈಲಹೊಂಗಲದ ಕಾಲೇಜಿನ ಸಭಾಭವನದಲ್ಲಿ ಎದ್ದಿತು. ಅದು ಇತ್ಯರ್ಥವಾಗದ ಹೊರತು ಕ್ವಾಂಟಮ್ ಕೇಯಾಸ್ ಕುರಿತ ಎರಡು ದಿನಗಳ ರಾಷ್ಟ್ರೀಯ ವಿಚಾರಗೋಷ್ಠಿ ಆರಂಭವಾಗುವಂತಿರಲಿಲ್ಲ. ಸ್ವಾಗತ ಸಮಿತಿಯ ಅಧ್ಯಕ್ಷರೂ ಹತ್ತಿಯ ವ್ಯಾಪಾರಿಗಳೂ ಆದ ಗಂಗಪ್ಪನವರು ಎಡಕ್ಕೆ ಎಂದು ತೀರ್ಪು ಕೊಟ್ಟರು.

"ಯಾರ ಎಡಕ್ಕರೀ?" ಎಂದ ಭೌತಶಾಸ್ತ್ರದ ಅಧ್ಯಾಪಕ ಅಜಿತ. "ಕುಂತವರ ಎಡಕ್ಕೋ, ನೋಡವರ ಎಡಕ್ಕೋ?"

ಚೆನ್ನೈನಿಂದಲೂ ಅಹಮದಾಬಾದಿನಿಂದಲೂ ಬಂದಿದ್ದ ವಿಜ್ಞಾನಿಗಳಿಗೆ ಯಾರೋ ಇದನ್ನು ಇಂಗ್ಲಿಷಿನಲ್ಲಿ ತಿಳಿಸಿದರು. ಪ್ರಶ್ನೆ ಚೆನ್ನಾಗಿದೆ ಎಂದು ಅವರಲ್ಲೊಬ್ಬರು ತಲೆದೂಗಿದರು. ಕುರ್ಚಿಗಳು ಜಾಗ ಬದಲಿಸಿದವು, ಮತ್ತೆ ಬದಲಿಸಿದವು.

ಸನ್ಮಾನ ಯಾರಿಗೆ ನಡೆಯಬೇಕಿತ್ತೋ ಆ ವಿರೂಪಾಕ್ಷ ಮೊದಲ ಸಾಲಿನಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ದೊಡವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಂಶೋಧನೆ ಮಾಡಿ, ನಿವೃತ್ತರಾದ ಮೇಲೆ ಪುಣೆಯಲ್ಲಿ ನೆಲೆಸಿದವರು. ಹೆಂಡತಿ ಶೈಲಜಾ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಈಗ ಮಾರ್ಗಶಿರ. ಈ ಸಂಗತಿ ಆ ಭವನದಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಮುಚ್ಚಿಡಬೇಕೆಂದು ಅವರು ಹೊರಟಿರಲಿಲ್ಲ. ಊರಿಗೆ ಪತ್ರ ಬರೆಯುವುದು ಯಾವಾಗಲೂ ಅವಳ ಕೆಲಸವಾಗಿತ್ತು. ಈ ಆಮಂತ್ರಣಕ್ಕೂ 'ಇಬ್ಬರೂ ಬರುತ್ತೇವೆ' ಎಂದು ಬೇಸಿಗೆಯಲ್ಲಿ ಉತ್ತರ ಬರೆದವಳು ಅವಳೇ. ಪುಣೆಯಲ್ಲಿ ನೆರೆಮನೆಯವರು ಮುಂದೆ ನಿಂತು ಎಲ್ಲ ಮುಗಿಸಿದರು. ಮಕ್ಕಳಿರಲಿಲ್ಲ. ಉಳಿದವರಿಗೆ ತಿಳಿಸಲು ಒಂದೇ ಒಂದು ವಾಕ್ಯ ಸಾಕಿತ್ತು. ಅದು ಬಾಯಿಗೆ ಬರಲಿಲ್ಲ. ಅಳುವೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಹಸಿವೆಯಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಇದನ್ನವರು ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಬೇರೆ ಯಾರನ್ನೋ ಗಮನಿಸುವಂತೆ ಗಮನಿಸಿದ್ದರು. ಆ ವಾಕ್ಯವನ್ನು ಆಡದೆಯೇ ಈ ಎರಡು ದಿನ ಕಳೆದು ಪುಣೆಯ ಬಸ್ಸು ಹತ್ತಿಬಿಟ್ಟರೆ ಅವರಿಗೆ ಸಾಕಿತ್ತು.

ಅಷ್ಟರಲ್ಲಿ ದೊಡವಾಡದ ಬಸ್ಸಿಗೆ ಅಕ್ಕ ಸಾವಿತ್ರೆವ್ವ ಬಂದಳು. ಬಂದವಳೇ ತಮ್ಮನ ಪಕ್ಕದ ಖಾಲಿ ಕುರ್ಚಿ ನೋಡಿದಳು.

"ಶೈಲಜಾ ಎಲ್ಲಿ ಅದಾಳೋ?"

"ಬಂದಿಲ್ಲಕ್ಕಾ."

"ಯಾಕ? ಬರತೇನಿ ಅಂತ ಬರದಿದ್ಲು."

"ಬರಾಕ ಆಗಲಿಲ್ಲ."

"ಮೊಣಕಾಲ ಬ್ಯಾನಿ ಇನ್ನೂ ಐತೇನು?"

"ಈಗಿಲ್ಲ."

"ಹಂಗಾದ್ರ ಬರಾಕ ಏನ ಧಾಡಿಯಾಗಿತ್ತು ಅಕಿಗೆ?" ಸಾವಿತ್ರೆವ್ವ ನಕ್ಕು ಸೆರಗು ಸರಿಮಾಡಿಕೊಂಡು ಕುಳಿತಳು.

ಮಾತು ಗಂಗಪ್ಪನವರ ಕಿವಿಗೆ ಬಿತ್ತು. "ಬಂದಿಲ್ಲಾ ಅಂದ್ರ? ಆಮಂತ್ರಣದಾಗ ಸಪತ್ನೀಕ ಅಂತ ಅಚ್ಚ ಹಾಕಿಸೇವಲ್ರಿ!"

"ಬರೇ ಸರ್‌ಗೆ ಶಾಲು ಹೊಚ್ಚೂಣ್ರಿ," ಎಂದ ಅಜಿತ.

"ಒಬ್ಬರನ್ನ ಕುಂದರಿಸಿ ಶಾಲು ಹೊಚ್ಚಿ ಕಳಸಾಕ ಅವರೇನು ರಿಟಾಯರ್ ಆದ ತಲಾಠಿ ಏನೋ? ಉಡಿ ತಯಾರಾಗಿ ಕುಂತೈತಿ ಅಲ್ಲೆ."

ಶೈಲಜಾಳ ಮಡಿಲು ತುಂಬಬೇಕಿದ್ದ ಆ ಉಡಿ ತಯಾರಾಗಿ ಕುಳಿತದ್ದು ಗಂಗಪ್ಪನವರ ಹೆಂಡತಿ ಇಂದ್ರವ್ವನ ತಾಟಿನಲ್ಲಿ: ಅಕ್ಕಿ, ಕುಬಸದ ಖಣ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣಕೊಂಬು. ಒಮ್ಮೆ ತೆಗೆದಿಟ್ಟ ಉಡಿಯನ್ನು ಮರಳಿ ಡಬ್ಬಿಗೆ ಸುರಿಯುವ ಮಾತೇ ಇರಲಿಲ್ಲ. ದಾರಿ ಕಂಡುಹಿಡಿದವಳೂ ಇಂದ್ರವ್ವನೇ.

"ಶೈಲಜಕ್ಕಾರ ಉಡಿ ಸರ ಕೈಯಾಗ ಕೊಡೂಣ್ರಿ. ಒಯ್ದು ಮುಟ್ಟಸ್ತಾರ. ಆದ್ರ ಒಂದು ನೋಡ್ರಿ ಸರ, ಎಲ್ಲೂ ಕೆಳಗ ಇಡಬ್ಯಾಡ್ರಿ. ಅಕ್ಕಾರ ಉಡಿಗೆ ಬೀಳೂತನಕ ನೆಲಾ ಮುಟ್ಟಬಾರದದು."

ಆ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ವಿರೂಪಾಕ್ಷರ ಬಾಯಿ ತೆರೆದುಕೊಂಡಿತು ಕೂಡ. "ಹೂಂ," ಎಂದರು.

ಒಂದು ಕುರ್ಚಿಯನ್ನು ವೇದಿಕೆಯಿಂದ ಇಳಿಸಲಾಯಿತು. ಎಡಬಲದ ಪ್ರಶ್ನೆ ಅಲ್ಲಿಗೆ ಮುಗಿಯಿತು. ರುಮಾಲು ಸುತ್ತಿದರು, ಶಾಲು ಹೊದಿಸಿದರು. ಇಂದ್ರವ್ವ ಶಾಲಿನ ಒಂದು ತುದಿಯಲ್ಲಿ ಉಡಿ ಸುರಿದು ಗಂಟು ಕಟ್ಟಿ ಅವರ ಕೈಗೆ ಕೊಟ್ಟಳು. ಜನ ಚಪ್ಪಾಳೆ ತಟ್ಟಿದರು. ಮೈಕಿನ ಮುಂದೆ ಮೇಜಿತ್ತು. ಮೇಜೂ ನೆಲದ ಲೆಕ್ಕವೇ ಹೌದೋ ಅಲ್ಲವೋ ಎಂದು ಯಾರೂ ಹೇಳಲಿಲ್ಲ; ಅವರು ಕೇಳಲೂ ಇಲ್ಲ. ಗಂಟನ್ನು ಎಡಗೈಯಲ್ಲಿ ಎದೆಗೆ ಆನಿಸಿಕೊಂಡೇ ಉಪನ್ಯಾಸ ಸುರು ಮಾಡಿದರು. ಪ್ರೊಜೆಕ್ಟರಿನ ಹಾಳೆಗಳನ್ನು ಅಜಿತ ಬದಲಿಸಿದ.

ಎರಡು ತುದಿ ದುಂಡಗಿರುವ, ಸುತ್ತ ಅಂಚು ಕಟ್ಟಿದ ಹಲಗೆಯ ಮೇಲೆ ಗೋಲಿ ಉರುಳಿಬಿಟ್ಟರೆ ಅದರ ದಾರಿ ಸ್ವಲ್ಪ ಹೊತ್ತಿನಲ್ಲೇ ಲೆಕ್ಕ ತಪ್ಪುತ್ತದೆ, ಎಂದರು. ಗೋಲಿಯ ಬದಲು ಎಲೆಕ್ಟ್ರಾನು ಇದ್ದರೆ ಅದರ ಶಕ್ತಿಯ ಮಟ್ಟಗಳು ಒಂದರ ಹತ್ತಿರ ಒಂದು ಸುಳಿಯಲು ಒಲ್ಲೆನ್ನುತ್ತವೆ, ನಡುವೆ ಅಂತರ ಕಾಯ್ದುಕೊಳ್ಳುತ್ತವೆ. ಮೂವತ್ತು ವರ್ಷ ಯಾವ ದನಿಯಲ್ಲಿ ಹೇಳಿದ್ದರೋ ಅದೇ ದನಿಯಲ್ಲಿ ಹೇಳಿದರು. ಹೊರಗಿನಿಂದ ಬಂದ ವಿಜ್ಞಾನಿಗಳು ಬರೆದುಕೊಂಡರು.

"ಕೇಯಾಸ್ ಅಂದ್ರ ಗೊಂದಲ ಹೌದಿಲ್ಲೋ?" ಗಂಗಪ್ಪನವರು ಹಿಂದಿನಿಂದ ಅಜಿತನನ್ನು ಜಗ್ಗಿ ಕೇಳಿದರು. "ಅದನ್ನ ನೋಡಾಕ ಇಷ್ಟ ಮಂದಿ ಇಷ್ಟ ದೂರ ಬಂದಾರ! ಹತ್ತಿ ಪ್ಯಾಟ್ಯಾಗ ಲಿಲಾವದ ದಿನಾ ತಂದು ನಿಂದ್ರಿಸಿದ್ರ ಆಗತಿತ್ತಲ್ಲ."

ಮಧ್ಯಾಹ್ನ ಕಾಲೇಜಿನ ಹಿಂದಿನ ಪೆಂಡಾಲಿನಲ್ಲಿ ರೊಟ್ಟಿ, ಎಣಗಾಯಿ, ಗೋಧಿ ಹುಗ್ಗಿಯ ಊಟ. ವಿರೂಪಾಕ್ಷ ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಹೆಣಗುವುದನ್ನು ಸಾವಿತ್ರೆವ್ವ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿದಳು.

"ಇಂದ್ರವ್ವನ ಕರದ್ರ ಗಂಟು ಹಿಡೀತಾಳೋ. ಉಣ್ಣು ನೀನು."

"ನೀನ ಹಿಡಿ."

"ಹುಚ್ಚ ಅದಿಯೇನು? ನನ್ನಂಥಾ ಮುಂಡೇರು ಮುಟ್ಟೂದಲ್ಲ ಅದು. ಮುತ್ತೈದಿದು."

"ಹಿಡಿಯಕ್ಕಾ," ಎಂದರು ವಿರೂಪಾಕ್ಷ. "ಅಕಿ ಮುತ್ತೈದಿಯಾಗೇ ಹೋದ್ಲು."

ವಾಕ್ಯ ಅಷ್ಟೇ ಇತ್ತು. ಸಾವಿತ್ರೆವ್ವನ ಕೈಯಲ್ಲಿದ್ದ ತುತ್ತು ತಾಟಿಗೆ ಮರಳಿತು.

"ಯಾವಾಗ?"

"ಶ್ರಾವಣದಾಗ."

"ಪಂಚಮಿಗೆ ನಾ ಉಂಡಿ ಕಟ್ಟಿ ಕಳಿಸಿದ್ನಲ್ಲೋ."

"ಬಂದು ಮುಟ್ಟಿದ್ವು."

"ಯಾರ ತಿಂದ್ರು?"

"ನಾನ ತಿಂದೆ. ಎಲ್ಲಾ ತಿಂದೆ."

ಅವಳು ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆಮೇಲೆ ಕೈಚಾಚಿ ಅವರ ಹೆಗಲಿನಿಂದ ಶಾಲು ಎಳೆದು, ಗಂಟಿನ ಸಮೇತ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಡಿಸುವವನು ಬಂದು, "ಹುಗ್ಗಿ ಹಾಕಲೇನ್ರಿ ಸರ?" ಎಂದ. ವಿರೂಪಾಕ್ಷ ತಾಟು ಮುಂದೆ ಮಾಡಿದರು. ಈಗ ಎರಡೂ ಕೈ ಬಿಡುವಾಗಿದ್ದವು.

"ಇಲ್ಲೆ ಅಳೂದು ಬ್ಯಾಡ," ಎಂದಳು ಸಾವಿತ್ರೆವ್ವ. ದನಿ ಸಣ್ಣದಾಗಿತ್ತು. "ಮಂದಿ ಉಣ್ಣಾಕ ಹತ್ಯಾರ. ಉಂಡು ಕೈ ತೊಳಕೋ, ಮನಿಗೆ ಹೋಗೂಣು."

"ನನಗ ಅಳು ಬರವಲ್ದಕ್ಕಾ."

"ಬರಲಿ ಬಿಡಲಿ. ಮನ್ಯಾಗ ಕುಂತ ನೋಡೂಣು. ನಾ ಅಂತೂ ಅಳತೇನಿ."

"ನಾಳೆ ಸಮಾರೋಪ ಐತಿ. ನಾ ಮಾತಾಡಬೇಕು."

"ಮಾತಾಡವರು ರಗಡ ಮಂದಿ ಬಂದಾರ."

ಗಂಗಪ್ಪನವರು ಸಾಲುಸಾಲಿಗೆ ನಿಂತು ಉಪಚಾರ ಮಾಡುತ್ತ ಅಲ್ಲಿಗೆ ಬಂದರು. "ಅಕ್ಕಾರ, ನಾಳೆ ನೀವೂ ಬರ್ರಿ ಮತ್ತ. ಸರ್ ಜೋಡಿ ಎಲ್ಲಾರದೂ ಒಂದು ಫೋಟೋ ತಗಿಸೂಣು."

"ನಾಳೆ ಇಬ್ಬರೂ ಬರಾಂಗಿಲ್ರಿ ಯಪ್ಪಾ. ಮನ್ಯಾಗ ಸಾವಾಗೇತಿ."

"ಅಯ್ಯ ಶಿವನ! ಯಾವಾಗ್ರೀ?"

"ಈಗ," ಎಂದಳು ಸಾವಿತ್ರೆವ್ವ.

ವಿಚಾರಗೋಷ್ಠಿಯ ಎರಡನೆಯ ದಿನದ ಕಲಾಪಗಳು ಸನ್ಮಾನಿತರ ಗೈರುಹಾಜರಿಯಲ್ಲಿ ನಡೆದವು.