ಗಾಡಿ ಬರುವ ತನಕ

ಬೇಸಿಗೆಯ ಬೆಂಕಿಯಿಂದ ಮನೆ ಕಾಪಾಡಿಕೊಳ್ಳುವುದು ಹೇಗೆಂದು ಹಳ್ಳಿಗಳಿಗೆ ಹಂಚಲು ಒಂದು ಕೈಪಿಡಿ ಬರೆಯುವ ಕೆಲಸ ಅಗ್ನಿಶಾಮಕ ಠಾಣೆಯ ವಿಜಯಶ್ರೀಯ ಪಾಲಿಗೆ ಬಂತು. ಎಂಟು ವರ್ಷ ಬೆಂಕಿ ಆರಿಸಿದವಳಿಗೆ ಇದೇನು ಮಹಾ ಎನಿಸಿ, ಎರಡೇ ದಿನದಲ್ಲಿ ಮುಗಿಸಿದಳು. ಅಚ್ಚಿಗೆ ಕೊಡುವ ಮೊದಲು ಯಾರಿಗಾದರೂ ಓದಿ ಹೇಳೋಣವೆಂದು ತಾಂಬಾ ಊರಾಚೆಯ ತೋಟದ ಮನೆಗಳ ವಸ್ತಿಗೆ, ರೇವವ್ವನ ಮನೆಗೆ ಹೋದಳು. ಹಿಂದಿನ ವರ್ಷ ಪಕ್ಕದ ಹೊಲದವರು ಕಬ್ಬಿನ ರವದಿ, ಅಂದರೆ ಕಡಿದ ಮೇಲೆ ಉಳಿದ ಒಣ ಗರಿ, ಸುಟ್ಟಾಗ ಕಿಡಿ ಹಾರಿ ರೇವವ್ವನ ಕೊಟ್ಟಿಗೆಯೂ ಎರಡು ಆಕಳೂ ಸುಟ್ಟುಹೋಗಿದ್ದವು.

ಆಡುಗಳಿಗೆ ಸೊಪ್ಪು ಹಾಕುತ್ತಲೇ ರೇವವ್ವ ಪೂರ್ತಿ ಕೇಳಿದಳು. ಬೆಂಕಿ ಕಂಡ ಕೂಡಲೇ ಠಾಣೆಗೆ ಕರೆ ಮಾಡಿ ಎಂಬಲ್ಲಿಗೆ ಕೈಪಿಡಿ ಮುಗಿದಿತ್ತು.

"ಫೋನ್ ಮಾಡಿದ್ರ ಗಾಡಿ ಎಷ್ಟೊತ್ತಿಗೆ ಬರ್ತೈತ್ರಿ, ಬಾಯಾರ?"

"ಮುಕ್ಕಾಲು ತಾಸು ಹಿಡೀತೈತಿ, ಯವ್ವಾ."

"ಆ ಮುಕ್ಕಾಲು ತಾಸಿನ್ಯಾಗ ನಾವೇನು ಮಾಡಬೇಕು ಅನ್ನೂದು ಇದರಾಗ ಎಲ್ಲೈತ್ರಿ?"

ವಿಜಯಶ್ರೀ ಹಾಳೆಗಳನ್ನು ಮಡಚಿ ಚೀಲಕ್ಕಿಟ್ಟು, ಹಾಗಾದರೆ ನೀವೇ ಹೇಳಿರೆಂದು ಎದ್ದಳು. ಸಂಜೆಯ ತನಕ ಇಬ್ಬರೂ ಮನೆಯ ಸುತ್ತ ಅಡ್ಡಾಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಣವೆ ಎಲ್ಲಿದ್ದರೆ ಮನೆಗೆ ಕಿಡಿ ಬಾರದು ಎಂದು ರೇವವ್ವ ತೋರಿಸಿದಳು. ಬೇಲಿಯಾಚೆ ಎಷ್ಟು ಅಗಲ ನೇಗಿಲು ಹೊಡೆದು ಬರಿಮಣ್ಣು ಬಿಡಬೇಕೆಂದು ವಿಜಯಶ್ರೀ ಹೆಜ್ಜೆ ಹಾಕಿ ಅಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ದನದ ಹಗ್ಗಕ್ಕೆ ಗಂಟು ಹಾಕುವುದನ್ನು ಮಾತ್ರ ಅವಳು ರೇವವ್ವನಿಂದಲೇ ಕಲಿಯಬೇಕಾಯಿತು. ಮೂರು ಸಲ ತಪ್ಪಿ, ನಾಲ್ಕನೆಯ ಸಲಕ್ಕೆ ಬಂತು.

ಹೊಸ ಕೈಪಿಡಿಯನ್ನು ಆಡುಮಾತಿನಲ್ಲೇ ಬರೆದಳು. ಸರಕಾರಿ ಪುಸ್ತಕ ಹೀಗಿದ್ದರೆ ನಡೆದೀತೇ ಎಂದು ಮೇಲಧಿಕಾರಿ ಸಂಜೀವಕುಮಾರ ಅನುಮಾನಪಟ್ಟರು.

"ಒಂದು ವಸ್ತಿಯೊಳಗ ಮಾಡಿ ನೋಡೂಣ್ರಿ ಸರ್. ಆಮ್ಯಾಲ ತಿದ್ರಿ," ಎಂದಳು ವಿಜಯಶ್ರೀ. ಅವರು ಒಪ್ಪಿದರು. ಅವಳು ತಾಂಬಾದ ವಸ್ತಿಯ ಹದಿನೇಳೂ ಮನೆಯವರನ್ನು ಕೂಡಿಸಿ ಓದಿ ಹೇಳಿ, ಮುಂದೆ ನಿಂತು ಎಲ್ಲವನ್ನೂ ಮಾಡಿಸಿ ಬಂದಳು.

ಮಾರ್ಚ್ ತಿಂಗಳಲ್ಲಿ ಮತ್ತೆ ರವದಿಗೆ ಹಚ್ಚಿದ ಬೆಂಕಿ ಗಾಳಿಗೆ ಕೈಮೀರಿತು. ಗಾಡಿಯೊಂದಿಗೆ ವಿಜಯಶ್ರೀ ಮುಟ್ಟುವಷ್ಟರಲ್ಲಿ ಬೆಂಕಿ ಬರಿಮಣ್ಣಿನ ಪಟ್ಟಿಗೆ ಬಂದು ನಿಂತಿತ್ತು. ಕಿಡಿ ಬಿದ್ದು ಒಂದು ಬಣವೆ ಹೊತ್ತಿತ್ತು, ಮನೆಗಳೆಲ್ಲ ಉಳಿದಿದ್ದವು. ದನಗಳು ಕಾಲುವೆಯ ದಂಡೆಯಲ್ಲಿ ಮೇಯುತ್ತಿದ್ದವು. ಬಣವೆಗೆ ನೀರು ಹೊಡೆಯುತ್ತ ವಿಜಯಶ್ರೀಗೆ ಎದೆ ಹಗುರಾಯಿತು.

ರೇವವ್ವ ಸೆರಗಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ ಬಂದಳು. ಬಣವೆಯ ಮೇಲೆ ಮಣ್ಣು ಮೆತ್ತಿದವರದ್ದು ಸುಡಲಿಲ್ಲ, ಮೆತ್ತದವರದ್ದು ಸುಟ್ಟಿತು, ಇದನ್ನೂ ಸೇರಿಸಬೇಕು ಎಂದಳು. ವಿಜಯಶ್ರೀ ಅಲ್ಲೇ ನಿಂತು ಬರೆದುಕೊಂಡಳು.

ಮುಂದಿನ ವಾರ ಕೈಪಿಡಿ ಅಚ್ಚಿಗೆ ಹೋಯಿತು. ಸಂಜೀವಕುಮಾರ ಒಂದಕ್ಷರವನ್ನೂ ತಿದ್ದಲಿಲ್ಲ. ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಗೂ ಬೇಕಾದೀತೆಂದು ಇನ್ನೂ ಎರಡು ಸಾವಿರ ಪ್ರತಿ ಹೆಚ್ಚಿಗೆ ಅಚ್ಚು ಹಾಕಲು ಹೇಳಿದರು.