ಹೆಣ್ಣೊಪ್ಪಿಸುವ ರೆಕಾರ್ಡು

ಲಕ್ಷ್ಮೇಶ್ವರದ ಇತಿಹಾಸ ಬರೆಯುವವರು ದಯವಿಟ್ಟು ಗಮನಿಸಬೇಕು: ಕಳೆದ ಬುಧವಾರ ಅತಾವುಲ್ಲಾನ ಸೌಂಡ್ ಸರ್ವಿಸ್ ಅಂಗಡಿಯಲ್ಲಿ ರೆಕಾರ್ಡ್ ಪ್ಲೇಯರಿನ ವೇಗದ ಗುಂಡಿಯನ್ನು ಮೂವತ್ತಮೂರರಿಂದ ನಲವತ್ತೈದಕ್ಕೆ ತಿರುಗಿಸಲಾಯಿತು.

ತಿರುಗಿಸಿದವನು ಗದಗಿನ ವೀರು. ಬ್ಯಾಂಕಿನಲ್ಲಿ ನೌಕರಿ, ಹಳೆಯ ರೆಕಾರ್ಡುಗಳ ಹುಚ್ಚು. ಪ್ಲೇಯರಿನ ಮೇಲಿದ್ದದ್ದು ಯಾವುದೋ ವಿದೇಶಿ ಸಿನಿಮಾದ ಬ್ಲೂಸ್, ಜಾಜ್ ಸಂಗೀತದ ರೆಕಾರ್ಡು; ಆ ತಟ್ಟೆಗಾಗಿ ಅವನಂಥವರು ಊರೂರು ಅಲೆಯುತ್ತಾರಂತೆ. ಅವನಿಗೆ ಕೊಡುತ್ತೇನೆಂದು ಅತಾವುಲ್ಲಾ ಒಪ್ಪಿಯೂ ಆಗಿತ್ತು.

ಅದನ್ನು ಹುಬ್ಬಳ್ಳಿಯ ಗುಜರಿಯಿಂದ ತಂದವರು ಅತಾವುಲ್ಲಾನ ತಂದೆ. ಹೆಣ್ಣೊಪ್ಪಿಸುವಾಗ ಯಾವ ಹಾಡು ಹಾಕಿದರೂ ಅದರ ಮಾತಿನಲ್ಲೊಂದು ಕುಂದು ಹುಡುಕಿ ಬೀಗರು ಜಗಳ ತೆಗೆಯುತ್ತಿದ್ದರು. ಇದರಲ್ಲಿ ಮಾತೇ ಇರಲಿಲ್ಲ. ಲೇಬಲ್ಲು ಹರಿದಿತ್ತು, ದೊಡ್ಡ ತಟ್ಟೆ ಎಂದಮೇಲೆ ನಿಧಾನದ ಮೂವತ್ತಮೂರೇ ಇರಬೇಕೆಂದು ಹಾಕಿದರು. ಸ್ಯಾಕ್ಸೊಫೋನು ನರಳಿದ ಪರಿಗೆ, ಆಮೇಲೆ ಶಿರಹಟ್ಟಿಯಿಂದ ಮುಂಡರಗಿಯವರೆಗೆ ಅದಿಲ್ಲದೆ ಮಗಳನ್ನು ಗಾಡಿ ಹತ್ತಿಸುವವರೇ ಇಲ್ಲವಾದರು. ಈಗ ಎಲ್ಲರಿಗೂ ಡಿಜೆ ಬೇಕು.

ಸುಮಿತ್ರವ್ವನಿಗೆ ಮಾತ್ರ ಅದೇ ಬೇಕಿತ್ತು. ಕಾಳಿನ ವ್ಯಾಪಾರಿ ಚನ್ನಬಸವಣ್ಣನ ಹೆಂಡತಿ ಆಕೆ. ಮಾರನೆಯ ದಿನ ಮಗಳು ಸುಶ್ಮಿತಾಳ ಮದುವೆ. ತನ್ನನ್ನು ಒಪ್ಪಿಸಿಕೊಟ್ಟ ರೆಕಾರ್ಡಿನಿಂದಲೇ ಮಗಳನ್ನೂ ಕಳಿಸಬೇಕೆಂದು ಹೇಳಲು ಬಂದವಳ ಎದುರಿಗೇ ವೀರು ಗುಂಡಿ ತಿರುಗಿಸಿದ್ದು.

ಡ್ರಮ್ಮು ಕುಪ್ಪಳಿಸಿತು. ಸ್ಯಾಕ್ಸೊಫೋನು ಕೇಕೆ ಹಾಕಿತು. ಸಿನಿಮಾದಲ್ಲಿ ಇದಕ್ಕೆ ಇಡೀ ಬಾರು ಎದ್ದು ಕುಣಿಯುತ್ತದೆಂದು ವೀರು ಸಂಭ್ರಮದಿಂದ ವಿವರಿಸಿದ. ಅತಾವುಲ್ಲಾ, ಬೀದಿಯವರಿಗೆ ಕೇಳೀತೆಂದು, ಸದ್ದು ತಗ್ಗಿಸಿದ.

ಸುಮಿತ್ರವ್ವ ತಿರುಗುವ ತಟ್ಟೆಯತ್ತ ಬೆರಳು ತೋರಿಸಿದಳು.

"ನಮ್ಮವ್ವ ಇದನ್ನ ಕೇಳಿ ಅತ್ತಿದ್ಲು. ಆಕಿ ಅತ್ತದ್ದು ಸುಳ್ಳೇನು?"

"ಅತ್ತದ್ದು ಖರೇನ ರೀ ಅಕ್ಕಾರ," ಎಂದ ವೀರು. "ಹಾಕಿದ್ದು ತಪ್ಪು."

"ಹಂಗಾದ್ರ ನಾಳಿಗೂ ತಪ್ಪ ಹಾಕು, ತಮ್ಮಾ. ಆಮ್ಯಾಲೆ ಒಯ್ಯಿ."

ಮಾರನೆಯ ದಿನ ವೀರು ತಾನೇ ಪ್ಲೇಯರಿನ ಮುಂದೆ ಕುಳಿತು, ಶ್ರುತಿಶುದ್ಧ ಕಿವಿಯನ್ನು ಗಟ್ಟಿ ಮಾಡಿಕೊಂಡು, ತಪ್ಪಾಗಿ ಹಾಕಿದ. ಮೇಕಪ್ಪು ಕೆಡುತ್ತದೆ, ಅಳುವುದಿಲ್ಲ ಎಂದು ಬೆಳಗಿನಿಂದ ಹೇಳುತ್ತಿದ್ದ ಸುಶ್ಮಿತಾ ಮೊದಲ ನರಳಿಕೆಗೇ ತಾಯಿಯ ಕೊರಳಿಗೆ ಬಿದ್ದಳು. ಚನ್ನಬಸವಣ್ಣ ಕಾರಿನ ಟಾಯರಿನಲ್ಲಿ ಗಾಳಿ ಇದೆಯೇ ಎಂದು ಒಂದೊಂದನ್ನೂ ಒತ್ತಿ ನೋಡತೊಡಗಿದ. ಅಲ್ಲಿ ಬಗ್ಗಿದರೆ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳಬಹುದಿತ್ತು. ವೀರು ಕನ್ನಡಕ ತೆಗೆದ.

ಕಾರು ಮರೆಯಾಗುವ ಮೊದಲೇ ಹಿರೇಹಂದಿಗೋಳದಿಂದ ಮದುವೆಗೆ ಬಂದಿದ್ದ ಇಬ್ಬರು ತಾಯಂದಿರು ಅತಾವುಲ್ಲಾನನ್ನು ಹಿಡಿದು ತಮ್ಮ ಹೆಣ್ಣುಮಕ್ಕಳ ಮದುವೆಯ ತಾರೀಖು ಹೇಳಿದರು. ಅವನು ವೀರುವಿನ ಮುಖ ನೋಡಿದ.

ವೀರು ಬರಿಗೈಯಲ್ಲಿ ಗದಗಿನ ಬಸ್ಸು ಹತ್ತಿದ.