ಬಲಗಿವಿಯ ತಾಳ

"ಅಮಾಸಿ ದಿನಾನೂ ಮಿಲ್ ಯಾರು ಚಾಲೂ ಮಾಡ್ಯಾರ?"

ಕೊಟ್ರಮ್ಮ ಹೀಗೆ ಕೇಳಿದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕಂಪ್ಲಿಯ ಅವರ ಅಕ್ಕಿ ಮಿಲ್ಲಿಗೆ ಅಂದು ರಜೆ. ಅದರ ಬಾಗಿಲಿಗೆ ಬೀಗ ಬಿದ್ದಿತ್ತು. ಸುಂಯ್, ಸುಂಯ್ ಎನ್ನುವ ಸದ್ದು ಮಾತ್ರ ನಿಲ್ಲಲಿಲ್ಲ. ಬಲಗಿವಿ ಮುಚ್ಚಿಕೊಂಡರೆ ಇನ್ನೂ ಜೋರಾಯಿತು.

ಮಠದಲ್ಲಿ ದಿನಾ ಸಂಜೆ ಪುರಾಣ ಓದುವವರು ಕೊಟ್ರಮ್ಮನೇ. ಮೊದಲೆಲ್ಲ ಪದ್ಯದ ಕೊನೆಗೆ ಬಂದಾಗ ತಾಳ ಬಿಟ್ಟು ಅವಸರದಲ್ಲಿ ಓದಿಬಿಡುತ್ತಿದ್ದರು. ಕಿವಿಯಲ್ಲಿ ಈ ಸದ್ದು ಬಂದ ಮೇಲೆ ಅದರ ತಾಳಕ್ಕೇ ಓದತೊಡಗಿದರು. ಕೇಳುವವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಪಕ್ಕದ ಮನೆಯ ಜಂಬಕ್ಕ ಕೊಟ್ರಮ್ಮನ ಕಿವಿಯ ಹಿಂದೆ ತನ್ನ ಕಿವಿ ಇಟ್ಟು, "ಯವ್ವಾ, ಓಂಕಾರ ಐತಿ ಇದು!" ಎಂದು ಕೈಮುಗಿದಳು. ಮರುದಿನ ಇನ್ನಿಬ್ಬರನ್ನು ಕರೆತಂದಳು.

"ಶಿವ ಬಲಗಿವ್ಯಾಗಷ್ಟ ಅದಾನೇನ್ರಿ ಅತ್ತಿ? ಎಡಗಿವಿ ಏನು ಪಾಪ ಮಾಡೈತಿ?" ಎಂದು ಸೊಸೆ ಕಾವ್ಯ ನಗುತ್ತಿದ್ದಳು.

ಶ್ರಾವಣದ ಮೂರನೇ ಸೋಮವಾರ ಓದುತ್ತಿರುವಾಗಲೇ ಅತ್ತೆಗೆ ಅಕ್ಷರಗಳು ಎರಡೆರಡಾಗಿ ಕಂಡವು; ಅವರು ತಲೆ ಹಿಡಿದುಕೊಂಡು ಕುಳಿತರು. ಆಗ ಕಾವ್ಯ ನಗಲಿಲ್ಲ. ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಮಿದುಳಿನ ರಕ್ತನಾಳಗಳ ಚಿಕಿತ್ಸೆ ಮಾಡುವ ಡಾಕ್ಟರ್ ಸಂಘಮಿತ್ರಾ ಗಾದಿಗನೂರಿನವರು. ಸ್ಕ್ಯಾನ್, ಆಂಜಿಯೋಗ್ರಾಂ ಎಲ್ಲ ಮುಗಿದ ಮೇಲೆ ಹಾಸಿಗೆಯ ಪಕ್ಕ ಕುಳಿತು, ಕೊಟ್ರಮ್ಮನ ಕಿವಿಯ ಹಿಂದೆ ಸ್ಟೆತಸ್ಕೋಪ್ ಇಟ್ಟರು. ಕೊಟ್ರಮ್ಮನ ಬೆರಳನ್ನು ಅವರದೇ ನಾಡಿಯ ಮೇಲೆ ಇಡಿಸಿದರು.

"ಸದ್ದು, ನಾಡಿ ಎರಡೂ ಕೂಡ್ತಾವೇನಮ್ಮಾ?"

"ಹೌದವ್ವಾ. ಒಂದೂ ತಪ್ಪವಲ್ದು."

"ನಿಮ್ಮ ರಕ್ತದ ಸದ್ದದು. ಮಿದುಳಿನ ಮ್ಯಾಲಿನ ಪೊರಿಯೊಳಗ, ರಕ್ತ ತರೋ ನಾಳ ರಕ್ತ ಒಯ್ಯೋ ನಾಳಕ್ಕ ನೇರ ಕೂಡಿಕೊಂಡೈತಿ. ತೂಬಿಲ್ದ ಕಾಲುವಿ ನೀರು ಹೊಲಕ್ಕ ನುಗ್ಗಿದಂಗ. ಈಗ ಆ ರಕ್ತ ಹಿಂದಕ್ಕ ಮಿದುಳಿನ ಕಡಿ ಹೊಳ್ಳೈತಿ. ನಾಳ ಒಡೀತು ಅಂದ್ರ ಮಾತು ಹೋಗಬಹುದು, ಜೀವಾನೂ ಹೋಗಬಹುದು."

"ತಲಿ ಕೊಯ್ಬೇಕೇನ್ರಿ?" ಎಂದಳು ಕಾವ್ಯ.

"ಬ್ಯಾಡ. ತೊಡಿ ಸಂದ್ಯಾಗ ಸಣ್ಣ ತೂತು. ಅಲ್ಲಿಂದ ತೆಳ್ಳನ ನಳಿಗಿ ಮ್ಯಾಲಕ್ಕ ಒಯ್ದು, ಕೂಡಿರೋ ಜಾಗಕ್ಕ ಅಂಟಿನಂಥ ಔಷಧ ಬಿಟ್ಟು ಮುಚ್ಚತೀವಿ. ಅದರಾಗೂ ಅಪಾಯ ಐತಿ. ಹಂಗ ಬಿಟ್ರ ಇನ್ನೂ ಹೆಚ್ಚು."

ಕೊಟ್ರಮ್ಮ ಒಪ್ಪಿಗೆ ಪತ್ರವನ್ನು ಒಂದು ಕಣ್ಣು ಮುಚ್ಚಿಕೊಂಡು ಓದಿದರು.

"ಮುಚ್ಚಿದ ಮ್ಯಾಲೆ ಸದ್ದು?"

"ನಿಲ್ಲತೈತಿ."

"ಪೂರ್ತಿ?"

"ಪೂರ್ತಿ."

"ನಲವತ್ತು ವರ್ಷ ಪುರಾಣ ಓದೀನವ್ವಾ. ನಾ ಓದಿದ್ದು ನನಗ ಕೇಳಿಸಿದ್ದು ಈ ಆರು ತಿಂಗಳಷ್ಟ."

ಸೊಸೆ ಅವರ ಹೆಗಲ ಮೇಲೆ ಕೈ ಇಟ್ಟಳು. ಕೊಟ್ರಮ್ಮ ಸಹಿ ಹಾಕಿದರು. ಆದರೆ ಕಾಗದವನ್ನು ಕೊಡದೆ ಹಿಡಿದುಕೊಂಡೇ ಕೇಳಿದರು:

"ಎಲ್ಲಾ ಮುಚ್ಚಬ್ಯಾಡ್ರಿ. ಒಂದೆಳಿ ಬಿಡ್ರಿ. ತಾಳಕ್ಕ."

ಸಂಘಮಿತ್ರಾ ಕಾಗದಕ್ಕೆ ಕೈ ಚಾಚಿದರು.

"ಒಂದೆಳಿ ಬಿಟ್ರ ರಕ್ತ ಅದರಾಗ ಮತ್ತ ದಾರಿ ಮಾಡ್ಕೊಂತೈತಿ. ಇಲ್ಲಮ್ಮಾ, ಬಿಡಂಗಿಲ್ಲ."